ಸುಂಕಪ್ಪನ ಹನ್ನೆರಡು ಪ್ರಾಣಿಗಳು

ಮಾನ್ವಿ ಬಸ್‌ಸ್ಟ್ಯಾಂಡಿನ ಎದುರು ಬಂಡಿಯಲ್ಲಿ ಗೋಬಿ, ನೂಡಲ್ಸ್ ಮಾಡುವ ಸುಂಕಪ್ಪ ಗಿರಾಕಿಗಳ ಹೆಸರು ಕೇಳುವುದಿಲ್ಲ, ಹುಟ್ಟಿದ ವರ್ಷ ಕೇಳುತ್ತಾನೆ. ಹೈದರಾಬಾದಿನ ಚೈನೀಸ್ ಹೋಟೆಲಿನಲ್ಲಿ ಅಡುಗೆ ಕಲಿಯುವಾಗಲೇ, ಚೀನಾದವರು ಒಂದೊಂದು ವರ್ಷವನ್ನು ಒಂದೊಂದು ಪ್ರಾಣಿಗೆ ಒಪ್ಪಿಸಿದ್ದಾರೆ, ಹನ್ನೆರಡು ಮುಗಿದರೆ ಮತ್ತೆ ಇಲಿಯಿಂದ ಶುರು ಎಂಬುದನ್ನೂ ಕಲಿತು ಬಂದವನು. ಹುಲಿ ವರ್ಷದವರಿಗೆ ಖಾರ ಜಾಸ್ತಿ ಹಾಕುತ್ತಾನೆ, ಮೊಲದವರಿಗೆ ಕೇಳದೆಯೇ ಕ್ಯಾಬೇಜು. ತೊಂಬತ್ತೈದರಲ್ಲಿ ಹುಟ್ಟಿದ ಬ್ಯಾಂಕಿನ ಸಾಹೇಬರಿಗೆ ಒಮ್ಮೆ "ನೀವು ಹಂದಿ ಅದೀರ್ರಿ" ಎಂದುಬಿಟ್ಟ. ಅವರು ಮುಖ ಕೆಂಪಗೆ ಮಾಡಿ ತಟ್ಟೆ ಕೆಳಗಿಟ್ಟಾಗ, "ಸಿಟ್ಟಾಗಬ್ಯಾಡ್ರಿ ಸರ್, ಚೀನಾದಾಗ ಹಂದಿ ಅಂದ್ರ ತುಂಬಿದ ಮನಿ" ಎಂದು ಇನ್ನೊಂದು ಸೌಟು ಗೋಬಿ ಬಡಿಸಿದ. ಮರುದಿನ ಸಾಹೇಬರು ಹೆಂಡತಿಯನ್ನೂ ಕರೆತಂದರು, ಆಕೆಯ ಪ್ರಾಣಿ ಯಾವುದೆಂದು ತಿಳಿಯಲು. ಹೀಗೇ ಒಂದು ಸಂಜೆ, ಹತ್ತಿ ಬಿಡಿಸಿ ಗೆಳತಿಯರೊಂದಿಗೆ ಬಂದ ಮಾನಮ್ಮ ಎಂಬ ಮುದುಕಿ, "ನಂದು ಯಾವ ಪ್ರಾಣಿಯಪಾ?" ಎಂದಳು. "ನೀ ಹುಟ್ಟಿದ್ದು ಯಾವ ವರ್ಷ, ಯವ್ವಾ?" "ಅದನ್ನ ಯಾರು ಬರ್ದಿಟ್ಟಾರ?" ಬಾಣಲೆಯ ಮೇಲೆ ಸುಂಕಪ್ಪನ ಕೈ ನಿಂತಿತು. ಅವನ ತಾಯಿಯೂ ತಾನು ಹುಟ್ಟಿದ ವರ್ಷ ತಿಳಿಯದೆಯೇ ತೀರಿಹೋಗಿದ್ದಳು. "ಹಂಗಾರ ನಿಂದು ಡ್ರ್ಯಾಗನ್," ಎಂದ. "ಉಳಿದ ಹನ್ನೊಂದನ್ನ ನೋಡಿದವ್ರು ಅದಾರ, ಇದನ್ನ ಯಾರೂ ನೋಡಿಲ್ಲ. ಮುಗಿಲಾಗ ಇರ್ತದ, ಮಳಿ ತರ್ತದ. ಚೀನಾದಾಗ ಎಲ್ಲಾರೂ ಅದಕ್ಕ ಕೈ ಮುಗೀತಾರ." ಮಾನಮ್ಮ ಸೆರಗು ಸರಿಮಾಡಿಕೊಂಡು ಗೆಳತಿಯರತ್ತ ತಿರುಗಿದಳು. "ಕೇಳಿದ್ರೇನು? ಇನ್ನ ಮ್ಯಾಲೆ ಮಳಿ ಬೇಕಂದ್ರ ನನ್ನ ಕೇಳ್ರಿ."