ಎರಡನೇ ದನಿಯ ಅಕ್ಕ

ಹಾಡುವವರ ಶ್ರುತಿ ತಪ್ಪಿದರೆ ಕಂಪ್ಯೂಟರಿನಲ್ಲಿ ತಿದ್ದುವುದು ಸ್ಟುಡಿಯೋದಲ್ಲಿ ಅವನ ಕೆಲಸ. ತಾನು ಬಚ್ಚಲಲ್ಲಿ ಗುನುಗಿದರೂ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು. ಆದರೂ ಗಾಯಕರನ್ನೆಲ್ಲ ತಾನೇ ಸಾಕಿದವನಂತೆ ಬೀಗುತ್ತಿದ್ದ.

ಅಂದು ಹಾಡುವ ಕೋಣೆಯ ಗಾಜಿನಾಚೆ ನಿಂತವಳು ಎಲ್ಲರಿಗೂ ಅಕ್ಕ. ಹರೆಯದಿಂದಲೂ ಪಾಪ್ ತಂಡದಲ್ಲಿ ಸ್ವಂತ ತಂಗಿಯ ಹಿಂದೆ ನಿಂತು, ಅವಳ ದನಿಯ ಕೆಳಗೆ ಹೊಂದಿಕೊಳ್ಳುವ ಎರಡನೇ ದನಿ ಹಾಡಿದವಳು. ತಂಡ ಒಡೆದ ಮೇಲೆ ಇದು ಅವಳೊಬ್ಬಳದೇ ಮೊದಲ ಆಲ್ಬಂ. ಸೋಫಾದಲ್ಲಿ ಮೊಬೈಲ್ ನೋಡುತ್ತಿದ್ದ ಆಡಿಯೋ ಕಂಪನಿಯ ಯಜಮಾನರು, ಮೊದಲ ಹಾಡು ಹಿಡಿಸದಿದ್ದರೆ ಆಲ್ಬಂ ಅಲ್ಲಿಗೇ ನಿಲ್ಲಿಸುವುದಾಗಿ ಹೇಳಿದ್ದರು.

ಹಾಡಿನ ಧಾಟಿ ಒಂದು ದಾರಿ ಹಿಡಿದರೆ ಅಕ್ಕನ ದನಿ ಇನ್ನೊಂದು ಹಿಡಿಯಿತು. ಅವನು ಹುಬ್ಬು ಗಂಟಿಕ್ಕಿ ತಿದ್ದಿದ, ತಿದ್ದಿದಷ್ಟೂ ಕೆಟ್ಟಿತು. ಕೊನೆಗೆ ಹೊಳೆಯಿತು: ಒಂದು ಸ್ವರವೂ ತಪ್ಪಿರಲಿಲ್ಲ.

“ಅಕ್ಕಾ, ಇದು ಎರಡನೇ ದನಿ. ಮೇಲಿನದು ಯಾರು ಹಾಡ್ತಾರೆ?”

ಅವಳು ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ನನ್ನ ಬುದ್ಧಿಗಿಷ್ಟು! ತಂಗಿ ಪಕ್ಕದಲ್ಲಿದ್ದಾಳೆ ಅಂದ್ಕೊಂಡ್ಬಿಟ್ಟೆ ಕಣೋ.”

“ಇದು ಹೀಗೇ ಇರ್ಲಿ. ಇದರ ಮೇಲೆ ನೀವೇ ಹಾಡಿ.”

ಹೆಡ್‌ಫೋನಿನಲ್ಲಿ ತನ್ನದೇ ಎರಡನೇ ದನಿ ಕೇಳುತ್ತ ಅಕ್ಕ ಮೈಕಿನ ಹತ್ತಿರ ಬಂದಳು. ಮೇಲಿನ ದನಿ ಎದ್ದಿತು. ಅಷ್ಟು ವರ್ಷ ತಂಗಿಯನ್ನು ಹೊತ್ತ ದನಿ ಈಗ ಅಕ್ಕನನ್ನೇ ಎತ್ತಿ ಹಿಡಿದಿತ್ತು. ಅವನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ತಿದ್ದುವ ಬೆರಳುಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

ಯಜಮಾನರು ಮೊಬೈಲ್ ಕೆಳಗಿಟ್ಟು, “ಮುಂದಿನ ಹಾಡು ಯಾವಾಗಮ್ಮ?” ಎಂದರು.

ಅಕ್ಕ ಗಾಜಿನಾಚೆಯಿಂದ ಅವನನ್ನು ನೋಡಿ ನಕ್ಕಳು. “ಇವನು ಬಾಯಿ ಮುಚ್ಚಿದ ಮೇಲೆ.”