ವಿಮಾನದ ಬಾಗಿಲವರೆಗೆ

ಆ ದಾರಿಯಲ್ಲಿ ಓಡಾಡುವವರೆಲ್ಲ ಅವನನ್ನು ಹತ್ತಿಯಣ್ಣ ಎಂದೇ ಕರೆಯುತ್ತಿದ್ದರು. ಅವನು ಹತ್ತಿ ಬೆಳೆದವನಲ್ಲ, ಮಾರಿದವನೂ ಅಲ್ಲ. ಎರಡು ದೊಡ್ಡ ಊರುಗಳ ನಡುವೆ ರಾತ್ರಿ ಬಸ್ಸು ಓಡಿಸುವ ಡ್ರೈವರು. ಒಮ್ಮೆ ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೊರಟಿದ್ದ ಅಜ್ಜಿಯೊಬ್ಬಳು ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗ ಅವನ ಕೆನ್ನೆ ಸವರಿ, "ಹತ್ತಿ ಮೇಲೆ ಮಲಗಿಸಿ ತಂದ ಹಾಗೆ ತಂದ್ಯಲ್ಲಪ್ಪ, ಒಂದ್ಸಲನೂ ನೋವು ಗೊತ್ತಾಗ್ಲಿಲ್ಲ" ಎಂದಿದ್ದಳು. ಹಿಂದೆ ನಿಂತವರು ನಕ್ಕರು, ಹೆಸರು ಅಂಟಿಕೊಂಡಿತು. ಅಜ್ಜಿ ಹೇಳಿದ್ದು ಸುಳ್ಳೇನಲ್ಲ. ಉಳಿದ ಡ್ರೈವರುಗಳು ಬ್ರೇಕ್ ತುಳಿಯುತ್ತಿದ್ದರು, ಇವನು ಬ್ರೇಕಿಗೆ ಕಾಲು ತಾಗಿಸುತ್ತಿದ್ದ, ಅಷ್ಟೇ.

ಅವನ ಬಸ್ಸಿಗೆ ಖಾಯಂ ಗಿರಾಕಿಗಳಿದ್ದರು. ಮುಂದಿನ ಕೆಳಗಿನ ಬರ್ತು ಗುಂಡಿ ಸಾಹುಕಾರರದು. ಗುಂಡಿ ಎಂದರೆ ರಸ್ತೆಯದಲ್ಲ, ಅಂಗಿಯದು. ಗುಂಡಿ, ಜಿಪ್ಪು, ದಾರಗಳ ಸಗಟು ವ್ಯಾಪಾರ ಅವರದು. ಅದರ ಹಿಂದಿನದು ವಾರದ ಕೊನೆಗೆ ಹೆಂಡತಿ ಮಕ್ಕಳನ್ನು ನೋಡಲು ಹೋಗುವ ಮೇಷ್ಟರದು. ಇವರಿಗೆಲ್ಲ ಆಗ ವಿಮಾನವೆಂದರೆ ಕತ್ತೆತ್ತಿ ನೋಡುವ ವಸ್ತು, ಹತ್ತುವ ವಸ್ತುವಲ್ಲ.

ಆಮೇಲೆ ಹೊಸದೊಂದು ವಿಮಾನ ಕಂಪನಿ ಬಂತು. ಅದರಲ್ಲಿ ಊಟ ಇಲ್ಲ, ಕಾಲು ಚಾಚಲು ಜಾಗ ಇಲ್ಲ, ಪೆಟ್ಟಿಗೆಗೆ ಬೇರೆ ದುಡ್ಡು, ಕಿಟಕಿ ಪಕ್ಕದ ಸೀಟಿಗೆ ಬೇರೆ ದುಡ್ಡು. ಆದರೆ ಒಂದು ತಿಂಗಳು ಮೊದಲೇ ಟಿಕೆಟ್ ತೆಗೆದರೆ ದರ ಬಸ್ಸಿಗಿಂತ ಹೆಚ್ಚೇನಲ್ಲ. ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಡ್ರೈವರುಗಳು ಕೂತು ನಕ್ಕರು. "ಕುಡಿಯೋ ನೀರಿಗೂ ದುಡ್ಡು ಕೇಳ್ತಾರಂತೆ. ಯಾರು ಹೋಗ್ತಾರೆ?"

ಎಲ್ಲರೂ ಹೋದರು.

ಮೊದಲು ಹೋದವರು ಗುಂಡಿ ಸಾಹುಕಾರರೇ. ತಿಂಗಳಾದರೂ ಅವರ ಸುಳಿವಿಲ್ಲವಲ್ಲ, ಮೈಗೆ ಹುಷಾರಿಲ್ಲವೇನೋ ಎಂದು ಹತ್ತಿಯಣ್ಣ ಒಂದು ದಿನ ಫೋನ್ ಮಾಡಿದ. ಆ ಕಡೆ ಸಾಹುಕಾರರು ಕೆಮ್ಮಿದರು, ಹವಾಮಾನದ ಮಾತಾಡಿದರು, ಕೊನೆಗೆ ಬಾಯಿಬಿಟ್ಟರು.

"ಬೇಜಾರು ಮಾಡ್ಕೋಬೇಡಪ್ಪ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರ್ತಿದ್ದೀನಿ. ಈ ವಯಸ್ಸಲ್ಲಿ ನನ್ನ ಹಾಸಿಗೆಯಲ್ಲಿ ನಾನು ಮಲ್ಕೊಳ್ಳೋದು ಎಷ್ಟು ಸುಖ ಗೊತ್ತಾ?"

"ಅದಕ್ಕೇನು ಸಾಹುಕಾರ್ರೇ, ಹಾಯಾಗಿ ಹೋಗಿ ಬನ್ನಿ" ಎಂದು ಇವನು ಫೋನ್ ಇಟ್ಟ. ಆದರೆ ಮನಸ್ಸಿಗೆ ಪಿಚ್ಚೆನಿಸಿತು.

ಬಸ್ಸಿನ ಮಾಲೀಕರು ಸುಮ್ಮನೆ ಕೂರಲಿಲ್ಲ. ಹೊಸ ಕಂಬಳಿ ತಂದರು, ದರ ಇಳಿಸಿದರು, ಬರ್ತಿಗೊಂದು ಪುಟ್ಟ ಟಿವಿ ಹಾಕಿಸಿದರು. ನೋಡುವವರೇ ಇಲ್ಲದೆ ಟಿವಿಗಳು ತಮ್ಮಷ್ಟಕ್ಕೆ ತಾವೇ ಹಾಡಿಕೊಂಡವು. ಮೇಷ್ಟರು ಹೋದರು, ಮದುವೆಯ ಗುಂಪುಗಳು ಹೋದವು, ಸಂದರ್ಶನಕ್ಕೆ ಹೋಗುವ ಹುಡುಗಿಯರು ಹೋದರು. ಹಗಲಲ್ಲಿ ಮನೆಯ ಮೇಲೆ ವಿಮಾನ ಹಾದುಹೋದರೆ ಹತ್ತಿಯಣ್ಣ ಮಗ್ಗುಲು ಬದಲಿಸಿ, "ನನ್ನ ಬಸ್ಸಿನವರನ್ನೇ ತುಂಬ್ಕೊಂಡು ನನ್ನ ತಲೆ ಮೇಲೇ ಹೋಗುತ್ತೆ ನೋಡು" ಎಂದು ಗೊಣಗುತ್ತಿದ್ದ.

ಕಡೆಗೊಂದು ಮಧ್ಯಾಹ್ನ ಮಾಲೀಕರು ಅವನನ್ನು ಆಫೀಸಿಗೆ ಕರೆಸಿ, ಎದುರಿಗೆ ಕೂರಿಸಿಕೊಂಡು, ತಾವೇ ಟೀ ಬಗ್ಗಿಸಿ ಕೊಟ್ಟರು. ಟೀ ಕಂಡಾಗಲೇ ಅವನಿಗೆ ವಿಷಯ ಗೊತ್ತಾಯಿತು.

"ರೂಟು ನಿಲ್ಲಿಸ್ತಿದ್ದೀನಿ. ನಿನ್ನ ತಪ್ಪೇನೂ ಇಲ್ಲ. ಖಾಲಿ ಹಾಸಿಗೆಗಳನ್ನ ಹೊತ್ಕೊಂಡು ಎಷ್ಟು ದಿನ ಅಂತ ತಿರುಗ್ತೀಯ ಹೇಳು" ಎಂದರು. ಸಣ್ಣ ರೂಟುಗಳಿಗೆ ಆಗಲೇ ಡ್ರೈವರುಗಳಿದ್ದರು. ಐವತ್ತು ದಾಟಿದವನಿಗಾಗಿ ಯಾರನ್ನು ಎಬ್ಬಿಸುವುದು?

ಅವನು ನಡೆದುಕೊಂಡೇ ಮನೆಗೆ ಬಂದ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಪ್ಯಾಂಟು ಗಿಡ್ಡ ಮಾಡುವುದು, ಕೋಟು ಬಿಗಿ ಮಾಡುವುದು, ಹರಿದ ಜಿಪ್ಪು ಬದಲಿಸುವುದು ಅವಳ ಕೆಲಸ. ಅವನು ಬಾಗಿಲಲ್ಲೇ ನಿಂತು ರೂಟು ನಿಂತ ವಿಷಯ ಹೇಳಿದ. ಯಂತ್ರ ನಿಂತಿತು. ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, "ಸದ್ಯ" ಎಂದಳು. ಹಾಗೆಂದವಳೇ ಅತ್ತಳು.

ಅವನಿಗೆ ಸಿಟ್ಟು ನೆತ್ತಿಗೇರಿತು. "ಹೊಟ್ಟೆಪಾಡೇ ಹೋಯ್ತು ಅಂದ್ರೆ ಸದ್ಯ ಅಂತೀಯಲ್ಲ!"

"ನಿಮ್ಮ ತೊಡೆ ಮೇಲಿನ ಕಲೆಗಳು ನನಗೆ ಕಾಣಲ್ಲ ಅಂದ್ಕೊಂಡ್ರಾ?" ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಮೊದಲು ಏನೋ ಕಾಯಿಲೆ ಇರ್ಬೇಕು ಅಂತ ಹೆದರಿದೆ. ಆಮೇಲೆ ನೋಡಿದ್ರೆ ಅವು ಚಿವುಟಿದ ಗುರುತು. ಬೆಳಗಿನ ಜಾವ ನಿದ್ದೆ ತಡೆಯೋಕೆ ಚಿವುಟ್ಕೋತೀರ ಅಲ್ವಾ?"

ಅವನು ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತ.

ನಿಜ ಅದೇ ಆಗಿತ್ತು. ಹರೆಯದಲ್ಲಿ ನಿದ್ದೆ ಅವನು ಹೇಳಿದಂತೆ ಕೇಳುತ್ತಿತ್ತು. ಐವತ್ತು ದಾಟಿದ ಮೇಲೆ ಎದುರು ಮಾತಾಡತೊಡಗಿತು. ಬೆಟ್ಟ ಇಳಿದು ನೇರ ರಸ್ತೆ ಸಿಕ್ಕ ಕೂಡಲೇ ಕಣ್ಣಿನ ಹಿಂದೆ ಯಾರೋ ಬಂದು ಕೂತು ರೆಪ್ಪೆಯನ್ನು ಕೆಳಗೆಳೆದಂತಾಗುತ್ತಿತ್ತು. ಲವಂಗ ಅಗಿದ, ಕತ್ತಿಗೆ ಒದ್ದೆ ಟವೆಲ್ ಸುತ್ತಿಕೊಂಡ, ಕಿಟಕಿ ತೆರೆದು ಚಳಿಗೆ ಮುಖ ಕೊಟ್ಟ. ಕೊನೆಗೆ ಉಳಿದದ್ದು ಚಿವುಟುವುದೊಂದೇ. ಒಂದು ಸಲವೂ ಕಣ್ಣು ಮುಚ್ಚಿದ್ದಿಲ್ಲ. ಆದರೆ ಹಿಂದೆ ಮಲಗಿದವರ ಉಸಿರಾಟ ಕೇಳುತ್ತಾ, ಇವತ್ತು ಮುಚ್ಚಿದರೆ ಏನು ಗತಿ ಎಂಬ ಭಯ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು. ಹತ್ತಿಯಂತೆ ಓಡಿಸುತ್ತಾನೆ ಎಂದು ಜನ ಹೊಗಳಿದಷ್ಟೂ ಆ ಕಲ್ಲು ಭಾರವಾಗುತ್ತಿತ್ತು.

"ಯಾಕೆ ಕೇಳ್ಲಿಲ್ಲ ನೀನು?" ಎಂದ.

"ಕೇಳಿದ್ರೆ ಬಿಡ್ತಿದ್ರಾ? ನೀವು ಬಂದು ಬಾಗಿಲ ಚಿಲಕ ಸದ್ದು ಮಾಡೋವರೆಗೂ ನನ್ನ ಗಂಟಲಲ್ಲಿ ನೀರೂ ಇಳೀತಿರಲಿಲ್ಲ. ಅದನ್ನ ನಾನು ಹೇಳಿದ್ನಾ?"

ಮುಂದಿನ ದಿನಗಳು ವಿಚಿತ್ರವಾಗಿದ್ದವು. ಇಷ್ಟು ವರ್ಷ ಹಗಲು ನಿದ್ದೆ ಮಾಡಿದ ದೇಹ ರಾತ್ರಿ ಮಲಗಲು ಮತ್ತೆ ಕಲಿಯಬೇಕಾಯಿತು. ಹಗಲಿನಲ್ಲಿ ಹೊಲಿಗೆಯ ಗಿರಾಕಿಗಳು ಮನೆಗೆ ಬಂದರೆ ತಾನು ಎಲ್ಲಿ ನಿಲ್ಲುವುದೆಂದು ತಿಳಿಯದೆ, ಅವನು ಅಡುಗೆಮನೆಯ ಮೂಲೆಯಲ್ಲಿ ಕೂತು ಹಳೆ ಪೇಪರು ಓದುತ್ತಿದ್ದ. ಹೆಂಡತಿಯ ಯಂತ್ರ ಮಾತ್ರ ಮೊದಲಿಗಿಂತ ಹೆಚ್ಚು ಹೊತ್ತು ಓಡುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಅವನಿಗೆ ಮೈ ಹಿಡಿಯಾಗುತ್ತಿತ್ತು.

ಜಿಪ್ಪು ತರಲು ಗುಂಡಿ ಸಾಹುಕಾರರ ಮಳಿಗೆಗೆ ಹೋದ ಹೆಂಡತಿ ಒಂದು ದಿನ ಏದುಸಿರು ಬಿಡುತ್ತಾ ಬಂದಳು.

"ಸಾಹುಕಾರ್ರು ಹೇಳಿದ್ರು. ವಿಮಾನ ನಿಲ್ದಾಣದಲ್ಲಿ ಡ್ರೈವರ್ ಬೇಕಂತೆ."

"ವಿಮಾನ ಓಡಿಸೋಕಾ?"

"ಬಸ್ಸು ರೀ, ಬಸ್ಸು. ಕಟ್ಟಡದಿಂದ ನೇರ ವಿಮಾನದ ಬಾಗಿಲಿಗೇ ಸೇತುವೆ ಹಚ್ತಾರಂತೆ. ಅದಕ್ಕೆ ಬಾಡಿಗೆ ಜಾಸ್ತಿ. ಈ ಅಗ್ಗದ ಕಂಪನಿಯವರು ಅಷ್ಟು ಕೊಡಲ್ಲ. ವಿಮಾನನ ದೂರ ನಿಲ್ಸಿ ಜನರನ್ನ ಬಸ್ಸಲ್ಲಿ ಕರ್ಕೊಂಡು ಹೋಗ್ತಾರೆ. ವಿಮಾನ ಹೆಚ್ಚಾದ ಹಾಗೆ ಬಸ್ಸೂ ಹೆಚ್ಚು ಬೇಕಂತೆ."

"ನನ್ನ ಅನ್ನ ಕಿತ್ಕೊಂಡವರ ಬಾಗಿಲಿಗೇ ಹೋಗ್ಲಾ?"

"ಹೋಗಿ. ಕಿತ್ಕೊಂಡಿದ್ದನ್ನ ವಾಪಸ್ ಇಸ್ಕೊಂಡು ಬನ್ನಿ" ಎಂದು ಅವಳು ಇಸ್ತ್ರಿ ಮಾಡಿದ ಅಂಗಿ ತಂದು ಮುಂದಿಟ್ಟಳು.

ಅಲ್ಲಿ ಅವನನ್ನು ಪರೀಕ್ಷೆ ಮಾಡಿದವಳು ಅವನ ಮಗಳಾಗಬಹುದಾದ ವಯಸ್ಸಿನ ತರಬೇತುದಾರಳು. ಬಸ್ಸು ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿತ್ತು, ಸೀಟುಗಳು ನಾಲ್ಕೈದು, ಉಳಿದದ್ದೆಲ್ಲ ನಿಲ್ಲುವ ಜಾಗ. ಗೇರೇ ಇಲ್ಲ. ಅವನ ಎಡಗೈ ಅಭ್ಯಾಸಬಲದಿಂದ ಗಾಳಿಯಲ್ಲಿ ಗೇರ್ ಹುಡುಕಿತು. ಅವಳು ನಗು ತಡೆದುಕೊಂಡು ಹೇಳಿಕೊಟ್ಟಳು: ನೆಲದ ಬಿಳಿ ಗೆರೆ ದಾಟಬಾರದು, ಕೆಂಪು ದೀಪ ಮಿನುಗುವ ವಿಮಾನದ ಹಿಂದೆ ಸುಳಿಯಬಾರದು, ಎಷ್ಟೇ ಅವಸರವಿದ್ದರೂ ಸೈಕಲ್ಲಿಗಿಂತ ಸ್ವಲ್ಪ ಜೋರು, ಅಷ್ಟೇ. ಅವನು ಒಂದು ಸುತ್ತು ಹೊಡೆದು ತಂದು ನಿಲ್ಲಿಸಿದ.

ಅವಳು ಸುಮ್ಮನೆ ಕೂತೇ ಇದ್ದಳು. "ಅಂಕಲ್, ನಿಲ್ಸಿ."

"ನಿಲ್ಸಿದ್ದೀನಲ್ಲ ಮೇಡಂ."

ಅವಳು ಕಿಟಕಿಯಾಚೆ ನೋಡಿ ಖಾತ್ರಿ ಮಾಡಿಕೊಂಡಳು. "ನಾಳೆಯಿಂದ ಬನ್ನಿ" ಎಂದಳು.

ಮೊದಮೊದಲು ಅವನಿಗೆ ಇದು ಮಕ್ಕಳಾಟದಂತೆ ಕಂಡಿತು. ಬೆಟ್ಟ ಗುಡ್ಡ ಹತ್ತಿಳಿದವನು ಈಗ ಬಾಗಿಲಿಂದ ಹೊರಟು ಅಂಗಳದಲ್ಲಿ ನಿಲ್ಲಬೇಕು. ಹೊರಟೆ ಅನ್ನುವಷ್ಟರಲ್ಲಿ ಊರು ಬಂತು. ಹಳೆಯ ಸ್ನೇಹಿತರು, "ಏನಪ್ಪ, ನಿನ್ನ ರೂಟಲ್ಲಿ ಊಟಕ್ಕೆ ಎಲ್ಲಿ ನಿಲ್ಲಿಸ್ತೀಯ?" ಎಂದು ಕಾಲೆಳೆದರು. ಅವನೂ ನಕ್ಕ, ಆದರೆ ಒಳಗೆ ಚುಚ್ಚಿತು.

ವಿಮಾನದಲ್ಲಿ ದೊಡ್ಡವರೇ ಹೋಗುತ್ತಾರೆ, ತನ್ನನ್ನು ಕಣ್ಣೆತ್ತಿಯೂ ನೋಡಲಾರರು ಎಂದುಕೊಂಡಿದ್ದ. ಬಂದವರು ಬೇರೆಯೇ. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದುಕೊಂಡ ಗಾರೆ ಕೆಲಸದವರು. ಪೆಟ್ಟಿಗೆಯ ತೂಕ ಉಳಿಸಲು ಕೋಟಿನ ಮೇಲೆ ಕೋಟು ತೊಟ್ಟು ಬೆವರುತ್ತಿದ್ದ ಹೆಂಗಸು. ಮೊಮ್ಮಗು ನೋಡಲು ಹೊರಟ ಅಜ್ಜ ಅಜ್ಜಿ, ಒಬ್ಬರ ಕೈ ಒಬ್ಬರು ಬಿಡದೆ. ನೋಡಿದರೆ ಇವರೆಲ್ಲ ಅವನ ಬಸ್ಸಿನವರೇ. ಅವರನ್ನು ವಿಮಾನ ಕದ್ದುಕೊಂಡು ಹೋಗಿರಲಿಲ್ಲ. ಬೇಗ ತಲುಪಬೇಕೆಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು, ಈಗ ಕೈಗೆಟುಕಿತ್ತು ಅಷ್ಟೇ.

ಒಮ್ಮೆ ಬಸ್ಸು ವಿಮಾನದ ಪಕ್ಕ ನಿಂತಾಗ ಮುದುಕರೊಬ್ಬರು ಮುಂದೆ ಬಂದು, "ಬಂತಾ ಊರು?" ಎಂದು ಕೇಳಿದರು.

"ಇಲ್ಲ ತಾತ, ಇದು ವಿಮಾನ. ಇನ್ನು ಹತ್ತಬೇಕು."

"ಹಂಗಾದ್ರೆ ಇದೇನು?"

"ಇದು ಬಸ್ಸು."

"ನಾನು ಇದೇ ವಿಮಾನ ಅಂದ್ಕೊಂಡೆ ಕಣಪ್ಪ. ಅಲುಗಾಡ್ಲೇ ಇಲ್ವಲ್ಲ."

ಅವತ್ತು ಮನೆಗೆ ಬಂದು ಆ ಮಾತನ್ನು ಹೆಂಡತಿಗೆ ಮೂರು ಸಲ ಹೇಳಿದ. ಅವಳು ಮೂರು ಸಲವೂ ಹೊಸದಾಗಿ ಕೇಳಿದಂತೆ ನಕ್ಕಳು. ಚಿವುಟಿದ ಕಲೆಗಳು ಅಷ್ಟರಲ್ಲಿ ಹಳದಿಗೆ ತಿರುಗಿ, ಮಾಸಿ, ಮಾಯವಾಗಿದ್ದವು. ಬೆಳಿಗ್ಗೆ ಹೋದವನು ಸಂಜೆ ಬರುತ್ತಿದ್ದ, ಊಟ ಮಾಡಿ ಮಲಗಿದರೆ ಕೊರಡು. ಹೊಟ್ಟೆಯೊಳಗಿನ ಕಲ್ಲು ಯಾವತ್ತು ಕರಗಿತೆಂದು ಅವನಿಗೇ ಗೊತ್ತಾಗಲಿಲ್ಲ.

ಹೀಗಿರುವಾಗ ಅವನ ಹಳೆ ರೂಟಿನ ಆ ತುದಿಯ ಊರಿನಿಂದ ಅಕ್ಕನ ಮಗ ಫೋನ್ ಮಾಡಿದ. ಹತ್ತಿಯಣ್ಣನಿಗೆ ಇದ್ದವಳು ಒಬ್ಬಳೇ ಅಕ್ಕ, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆಯಂತೆ, ಮುಂದಿನ ವಾರ ಆಪರೇಷನ್ನಂತೆ. "ಅಮ್ಮ ನಿಮಗೆ ಹೇಳ್ಬೇಡ ಅಂದಿದ್ಲು ಮಾವ. ನನಗೆ ತಡೀಲಿಲ್ಲ" ಎಂದ ಹುಡುಗ.

ರಾತ್ರಿ ಬಸ್ಸಿನ ರೂಟು ಈಗ ಇರಲಿಲ್ಲ. ಹೆಂಡತಿ ಎರಡು ವಿಮಾನದ ಟಿಕೆಟ್ ತೆಗೆಸಿದಳು. ನಿಲ್ದಾಣದಲ್ಲಿ ದಿನವೂ ಇರುತ್ತಿದ್ದವನು ಅವತ್ತು ಪ್ರಯಾಣಿಕರ ಸಾಲಿನಲ್ಲಿ ನಿಂತ. ಜೊತೆಯ ಡ್ರೈವರು ಅವನನ್ನು ಕಂಡು, "ಇವತ್ತು ನೀನು ಕಂಬಿ ಹಿಡ್ಕೊಂಡು ಬಾ, ಗೊತ್ತಾಗ್ಲಿ ನಮ್ಮ ಕಷ್ಟ" ಎಂದು ಬೇಕೆಂದೇ ಒಂದು ಸಣ್ಣ ಜರ್ಕ್ ಕೊಟ್ಟ.

ವಿಮಾನ ನೆಲ ಬಿಟ್ಟಾಗ ಅವನ ಬಲಗಾಲು ಇಲ್ಲದ ಬ್ರೇಕ್ ಒತ್ತಿತು. ಹೆಂಡತಿ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ಕೆಳಗೆ ಬೆಟ್ಟದ ಮೈಮೇಲೆ ರಸ್ತೆ ಕಂಡಿತು. ಅವಳ ಯಂತ್ರದಿಂದ ಜಾರಿ ಬಿದ್ದ ದಾರದಂತೆ ಸುರುಳಿ ಸುರುಳಿ. ಆ ತಿರುವುಗಳೆಲ್ಲ ಅವನ ಭುಜಕ್ಕೆ ಗೊತ್ತಿದ್ದವು.

"ಇಷ್ಟೇನಾ?" ಎಂದ.

"ನಿಮಗೆ ಅದು ಇಷ್ಟೇ ಆಗಿರಲಿಲ್ಲ" ಎಂದಳು ಅವಳು.

ಆಪರೇಷನ್ ಕೋಣೆಗೆ ಒಯ್ಯುವ ಮೊದಲು ಅಕ್ಕ ಅವನನ್ನು ಕಂಡಳು. ಮಗನನ್ನು ಬೈಯಲು ಬಾಯಿ ತೆರೆದವಳು, ಬೈಯದೆ ತಮ್ಮನ ಕೈ ಹಿಡಿದುಕೊಂಡಳು. ಹೊರಗಿನ ಬೆಂಚಿನ ಮೇಲೆ ಮೂವರೂ ಕಾದರು. ಡಾಕ್ಟರು ಬಂದು ಗಡ್ಡೆ ಪೂರ್ತಿ ತೆಗೆದಿದ್ದೇವೆ ಎಂದರು. ಅದರ ಪರೀಕ್ಷೆಯ ಫಲಿತಾಂಶಕ್ಕೆ ಇನ್ನೂ ಕೆಲವು ದಿನ ಕಾಯಬೇಕಿತ್ತು. ಅವನು ಇನ್ನಷ್ಟು ದಿನ ರಜೆ ಕೇಳಿಕೊಂಡು ಅಲ್ಲೇ ಉಳಿದ. ಕೊನೆಗೆ, ಹೆದರುವಂಥದ್ದೇನೂ ಅಲ್ಲ ಎಂದು ತಿಳಿದಾಗ ಅಕ್ಕನ ಮಗ ಗೋಡೆಗೆ ಹಣೆಯಿಟ್ಟು ಅತ್ತ. ಹತ್ತಿಯಣ್ಣ ಅವನ ಬೆನ್ನು ಸವರುತ್ತಾ ನಿಂತ.

ಮನೆಗೆ ಬಂದ ಅಕ್ಕ ದಿಂಬಿಗೊರಗಿ ಕೂತು, ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀನು ಎಷ್ಟು ಸಲ ಬಂದಿದ್ದೀಯೋ ಈ ಮನೆಗೆ. ಬಸ್ಸು ನಿಲ್ಸಿ ಬರ್ತಿದ್ದೆ, ತಟ್ಟೆ ಖಾಲಿ ಮಾಡ್ತಿದ್ದೆ, ಆ ಸೋಫಾ ಮೇಲೆ ಬಿದ್ರೆ ಸಂಜೆನೇ ಏಳೋದು. ಇಷ್ಟು ವರ್ಷ ನನ್ನ ಜೊತೆ ಮಾತಾಡಿದ್ದು ನಿನ್ನ ಗೊರಕೆ ಒಂದೇ."

"ಈಗ ಎದ್ದಿದ್ದೀನಲ್ಲಕ್ಕ, ಹೇಳು."

ಅವಳು ಹೇಳಿದಳು. ತೀರಿಹೋದ ಭಾವನ ಸುದ್ದಿ, ಪಕ್ಕದ ಮನೆಯವಳ ಜಗಳ, ಸೊಸೆ ತರುವ ಯೋಚನೆ, ಚಿಕ್ಕಂದಿನಲ್ಲಿ ಅವನು ಬಾವಿಕಟ್ಟೆ ಹತ್ತಿ ಕೂತು ಅವಳ ಜೀವ ತಿಂದದ್ದು. ಅವನು ಹೂಂಗುಟ್ಟಿದ, ನಡುನಡುವೆ ವಾದ ಮಾಡಿದ, ಬಾವಿಕಟ್ಟೆ ಹತ್ತಿದ್ದು ತಾನಲ್ಲ, ಅವಳೇ ಎಂದು ಹಟ ಹಿಡಿದ. ಅಡುಗೆಮನೆಯಿಂದ ಹೆಂಡತಿ ಇಣುಕಿ, ಮುಂದಿನ ತಿಂಗಳ ಟಿಕೆಟ್ ಈಗಲೇ ತೆಗೆದರೆ ಅಗ್ಗವಂತೆ, ತೆಗೆಸಿಬಿಡಲೇ ಎಂದು ಕೇಳಿದಳು.

"ತೆಗೆಸು" ಎಂದ ಹತ್ತಿಯಣ್ಣ. "ಇವಳ ಮಾತು ಅಷ್ಟು ಬೇಗ ಮುಗಿಯೋದಲ್ಲ."