ಪರಸಿ ಸಂದಿಯ ಹಸಿರು ಚೂರು

ಮೊನ್ನೆ ಇಂಡಿ ಊರಿನ ನಮ್ಮ ಚರ್ಚಿನಲ್ಲಿ ಹಳೆಯ ಪರಸಿ ಕಲ್ಲು ಕಿತ್ತು ಟೈಲ್ಸ್ ಹಾಕಿಸುತ್ತಿದ್ದರು. ವೇದಿಕೆಯ ಮುಂದಿನ ಕಲ್ಲು ಎಬ್ಬಿಸಿದಾಗ ಸಂದಿಯ ಮಣ್ಣಿನಲ್ಲಿ ಹಸಿರು ಗಾಜಿನ ಚೂರೊಂದು ಕಂಡಿತು. ಕಲ್ಲುಕೆಲಸದ ಗೌಂಡಿ ಅದನ್ನು ಬುಟ್ಟಿಗೆ ಎಸೆಯುವಷ್ಟರಲ್ಲಿ ಕಸಿದುಕೊಂಡೆ. ನಮ್ಮಕ್ಕನ ಬಳೆ... ಅದನ್ನು ಒಡೆಸಿದ ಪಾಸ್ಟರು ಹೋದ ವರ್ಷ ತೀರಿಕೊಂಡರು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಸುಳ್ಳು ಯಾಕೆ ಹೇಳಲಿ, ಎಂಥ ಕಂಠ ಅವರದು! ಪ್ರಾರ್ಥನೆಗೆ ನಿಂತರೆ ಗಂಡಸರೂ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಮ್ಮ ಸಭೆ ಕೆಟ್ಟು ಕೆರ ಹಿಡಿದಿದೆ, ಬೆಂಕಿ ಹಚ್ಚಿ ಶುದ್ಧ ಮಾಡುತ್ತೇನೆ ಎಂದು ಬಂದವರು. ಮೊದಲು ನಮ್ಮ ತಾಳ, ಢೋಲಕಿ ಹೋದವು. ಆಮೇಲೆ ಹೆಂಗಸರ ಮುಡಿಯ ಹೂವು. ಕೊನೆಗೆ ಕೈಬಳೆ.

ಅಕ್ಕನನ್ನು ಸಿಂದಗಿ ಕಡೆ ಕೊಟ್ಟಿದ್ದೆವು. ಅವರೂ ನಮ್ಮಂತೆ ಯೇಸುವಿನವರೇ. ಆದರೂ ಚೊಚ್ಚಲ ಬಸುರಿಗೆ ಕುಬಸ ಮಾಡದೆ ಬಿಡುವವರಲ್ಲ. ಹಸಿರು ಸೀರೆ ಉಡಿಸಿ, ಅತ್ತೆ ತಾನೇ ಕೂತು ಮೊಣಕೈತನಕ ಹಸಿರು ಬಳೆ ತೊಡಿಸಿ ತವರಿಗೆ ಕಳಿಸಿದ್ದಳು. ಮರುದಿನವೇ ಭಾನುವಾರ. ಪ್ರಭುಭೋಜನಕ್ಕೆ ಸಾಲಿನಲ್ಲಿ ನಿಂತ ಅಕ್ಕನ ಮುಂದೆ ಪಾಸ್ಟರು ರೊಟ್ಟಿಯ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಮನಿಗೆ ಹೋಗಿ ಸೋಪ ಹಚ್ಚಿ ತೆಗಿತೇನ್ರಿ," ಅಂದಳು ಅಕ್ಕ.

"ಸೈತಾನಗ ಸೋಪ ಹಚ್ಚಿ ಮೈ ತೊಳದು ಕಳಸ್ತಿ ಏನು? ಇಲ್ಲೇ ಒಡಿ!"

ಜನ ನಕ್ಕರು! ಗಂಡ ಬದುಕಿರುವಾಗ ಬಳೆ ಒಡೆಯಿತು ಎಂದು ನಮ್ಮ ಕಡೆ ಬಾಯಲ್ಲೂ ಆಡುವುದಿಲ್ಲ. ಏಳು ತಿಂಗಳ ಬಸುರಿ ಬಗ್ಗಿ ಕೂತು, ಎರಡೂ ಕೈಯನ್ನು ಪರಸಿ ಕಲ್ಲಿಗೆ ಬಡಿದಳು. ಮುಂಗೈಯಿಂದ ರಕ್ತ ಸೋರಿತು. ಪಾಸ್ಟರ ಹೆಂಡತಿ ಎದ್ದು ನಿಂತು ಚಪ್ಪಾಳೆ ಹೊಡೆದಳು, ಹಿಂದೆಯೇ ಸಭೆಯೆಲ್ಲ ಹಲ್ಲೆಲೂಯಾ ಎಂದಿತು. ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು.

ಸುದ್ದಿ ಸಿಂದಗಿ ಮುಟ್ಟಲು ಎಷ್ಟು ಹೊತ್ತು? ಅತ್ತೆ ಬಂದವಳು ಹೊಸ್ತಿಲನ್ನೂ ದಾಟಲಿಲ್ಲ. "ನಾ ತೊಡಿಸಿದ ಬಳಿ ಒಡದಾಳ. ನನ್ನ ಮಗ ಸತ್ತಾನೇನು? ಇಕಿ ನಮಗ ಬ್ಯಾಡ," ಎಂದು ನೆಲಕ್ಕೆ ಉಗುಳಿ ಹೋದಳು. ಅಪ್ಪ ಓಡಿಹೋಗಿ ಪಾಸ್ಟರ ಕಾಲು ಹಿಡಿದ, ಸಿಂದಗಿಗೆ ಬಂದು ಒಂದು ಮಾತು ಹೇಳ್ರಿ ಅಂತ. ಅವರವರ ಶಿಲುಬೆ ಅವರೇ ಹೊರಬೇಕು ಎಂದುಬಿಟ್ಟರು ಪುಣ್ಯಾತ್ಮರು. ಅಷ್ಟಕ್ಕೇ ಬಿಟ್ಟರೆ? ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿ ಪ್ರಸಂಗಕ್ಕೆ ನಿಂತರೂ ಅದೇ ಕಥೆ: ವಿಶ್ವಾಸಕ್ಕಾಗಿ ಗಂಡನನ್ನೇ ಬಿಟ್ಟ ಸಹೋದರಿ! ಅಕ್ಕ ಬಿಟ್ಟಿರಲಿಲ್ಲ. ದಿನಾ ಸಂಜೆ ಸಿಂದಗಿ ಬಸ್ಸು ಬರುವ ಹೊತ್ತಿಗೆ ತಲೆ ಬಾಚಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದಳು. ಮಗಳು ಹುಟ್ಟಿದರೂ ಭಾವ ಬರಲಿಲ್ಲ. ಮತ್ತೊಂದು ಮದುವೆ ಮಾಡಿಕೊಂಡ.

ಪಾಸ್ಟರು ತೀರಿದ ಮೇಲೆ ಅವರ ಹೆಂಡತಿ ನಮ್ಮ ಮನೆಗೆ ಬಂದಿದ್ದಳು. ಮಣ್ಣು ಮಾಡಿದ ದಿನ ಅವರ ಊರಿನ ಮುದುಕಿಯರು ಬಳೆ ಒಡೆಯಲು ಬಂದರಂತೆ. ಅಕ್ಕನ ಮುಂದೆ ಎರಡೂ ಕೈ ಚಾಚಿದಳು.

"ಒಡಿಯಾಕ ಒಂದ ಬಳಿನೂ ಇರಲಿಲ್ಲವ್ವಾ. ಅವರು ಇದ್ದಾಗೂ ನನ್ನ ಕೈ ಹಿಂಗ ಇದ್ದುವು."

ಅಕ್ಕ ಆ ಬೋಳು ಕೈಗಳನ್ನು ಬಹಳ ಹೊತ್ತು ನೋಡಿದಳು.

"ಅವತ್ತ ಮದಲ ಚಪ್ಪಾಳಿ ಹೊಡದುವು ಇವ ಕೈ ಅಲ್ರಿ, ಅಮ್ಮಾರ?"

ಆಕೆ ಚಹಾ ಮುಟ್ಟದೆ ಎದ್ದುಹೋದಳು. ನನಗೆ ಆಗ ಖುಷಿಯೇ ಆಯಿತು, ಮುಚ್ಚಿಡುವುದೇನು? ಆದರೆ ಒಳಗೆ ಹೋದ ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ.

ಮೊನ್ನೆಯ ಚೂರನ್ನು ಅವಳಿಗೆ ತೋರಿಸಿದೆ. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ... ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೇ ವಾಪಸ್ ಕೊಟ್ಟಳು.

"ಛಲೋತ್ನ್ಯಾಗ ಕಸಾ ಹೊಡೀರಿ ಅಂತ ಹೇಳು ಗೌಂಡ್ಯಾರಿಗೆ. ಇನ್ನೂ ಭಾಳ ಇರತಾವ. ಅಲ್ಲೆ ಹೆಣ್ಮಕ್ಕಳು ಬರಿಗಾಲಾಗ ನಿಂದರತಾರ."